ಕಾಲೊರಸಿನ ನೀಲಿ ಸುರುಳಿ

ನವೆಂಬರ್ ೩, ಸೋಮವಾರ

ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಕಾಲೊರಸಿನ ನಾರಿನಲ್ಲಿ ಏನೋ ಮಿನುಗಿತು. ಬಗ್ಗಿ ನೋಡಿದರೆ ಒಂದು ಸುರುಳಿ. ಪೆನ್ಸಿಲ್ ಹೆರೆದಾಗ ಉದುರುವ ಸಿಪ್ಪೆಯ ಗಾತ್ರ, ಅದೇ ಆಕಾರ, ಆದರೆ ಲೋಹದ್ದು. ಬಣ್ಣ ನೀಲಿ, ಪಾರಿವಾಳದ ಕುತ್ತಿಗೆಗೆ ಬಿಸಿಲು ಬಿದ್ದಾಗ ಕಾಣುವಂಥ ನೀಲಿ. ಬೆರಳಿಗೆ ಚುಚ್ಚಿತು. ಎಸೆಯಲು ಮನಸ್ಸು ಬರದೆ ಪೆನ್ಸಿಲ್ ಡಬ್ಬಿಯಲ್ಲಿ ಹಾಕಿಕೊಂಡೆ.

"ಎಂತ ಹುಡುಕ್ತಿದ್ದಿ ಯಶೂ? ಲೇಟಾಯ್ತು," ಎಂದರು ಶ್ರವಣ್ ಭಾವ, ಲಿಫ್ಟಿನ ಗುಂಡಿ ಒತ್ತುತ್ತ.

"ಎಂತ ಇಲ್ಲ ಭಾವ."

ಕಾರಿನಲ್ಲಿ ಕೂತು ಯೋಚಿಸಿದೆ. ನಿನ್ನೆ ಸಂಜೆ ಅಬುಧಾಬಿಯಿಂದ ಮರಳುವ ದಾರಿಯಲ್ಲಿ ಕ್ಯಾಮಿಲಸ್ ಬಂದಿದ್ದರು, ಅಲ್ಲಿರುವ ಹೆಂಡತಿ ಮಾರ್ಟಿನಾ ಕಳಿಸಿದ ಸಿಗಡಿ ಉಪ್ಪಿನಕಾಯಿ ಕೊಡಲು. ಲಿಫ್ಟಿನ ಬಾಗಿಲಿಗೆ ಒಂದು ಕಾಲು ಅಡ್ಡ ಕೊಟ್ಟೇ ಅಕ್ಕನ ಹತ್ತಿರ ಮಾತಾಡಿ ಹೋದರು. ನಮ್ಮ ಕಂಪೆನಿಯಲ್ಲಿ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಸರ್ವಿಸ್ ಇಂಜಿನಿಯರ್ ಅವರು. ಸುರುಳಿ ಅವರ ಬೂಟಿನದ್ದೇ ಇರಬೇಕು. ಭಾವ ಮ್ಯಾನೇಜರ್, ಯಂತ್ರದ ಹತ್ತಿರ ಹೋದರೆ ಅಂಗಿಗೆ ಎಣ್ಣೆ ತಾಗುತ್ತದೆ ಎನ್ನುವವರು. ಅದಲ್ಲದೆ ಶನಿವಾರ ಅವರು ದುಬೈಯಲ್ಲೇ ಇರಲಿಲ್ಲ. ಒಂದನೇ ತಾರೀಕಲ್ಲವೇ, ಅಬುಧಾಬಿಯಲ್ಲಿ ರಾಜ್ಯೋತ್ಸವ ಉಂಟು ಎಂದು ಬೆಳಿಗ್ಗೆಯೇ ಹೊರಟಿದ್ದರು. ಹರಿಣಾಕ್ಷಿ ಅಕ್ಕ ಜೊತೆಗೆ ಹೋಗಲಿಲ್ಲ.

ರಾಸ್ ಅಲ್ ಖೋರ್‌ನ ಆಫೀಸು ತಲುಪುವಷ್ಟರಲ್ಲಿ ಸುರುಳಿ ಮರೆತೇಹೋಯಿತು, ಅಲ್ಲಿ ಅಷ್ಟು ಗಲಾಟೆ. ನಾವು ಇಶಿಗಾಮಿ ಎಂಬ ಜಪಾನಿ ಕಂಪೆನಿಯ ಲೇತುಗಳಿಗೆ, ಅಂದರೆ ಲೋಹವನ್ನು ತಿರುಗಿಸಿ ಹೆರೆಯುವ ಯಂತ್ರಗಳಿಗೆ, ಇಲ್ಲಿಯ ಏಜೆಂಟರು. ಶೋರೂಮಿನ ನಡುವೆ ನಿಂತಿರುವ ಬಿಳಿ ಲೇತು ಮಾತ್ರ ನಮ್ಮದಲ್ಲ, ಜಪಾನಿನವರದೇ. ಗಿರಾಕಿಗಳಿಗೆ ತೋರಿಸಲು ಕೊಟ್ಟಿದ್ದಾರೆ. ಕ್ಯಾಮಿಲಸ್ ಅದಕ್ಕೆ ಅಲ್ಯುಮಿನಿಯಂ ಕಡ್ಡಿ ಸಿಕ್ಕಿಸಿ ಕಣ್ಣೆದುರೇ ಬುಗುರಿ ಮಾಡಿ ಕೊಡುತ್ತಾರೆ. ಇವತ್ತು ಸ್ವಿಚ್ ಹಾಕಿದರೆ ಪರದೆಯ ಮೇಲೆ ಕೆಂಪಗೆ ಒಂದೇ ಸಾಲು: ಯಂತ್ರದ ಸ್ಥಳ ಬದಲಾಗಿದೆ, ತಯಾರಕರನ್ನು ಸಂಪರ್ಕಿಸಿ.

ಯಂತ್ರ ಇದ್ದಲ್ಲೇ ಇದೆ. ಎಲ್ಲರೂ ಅದನ್ನು ನೋಡಿದೆವು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದೆವು.

"ಕ್ಯಾಮಿಲಸ್, ಕೀ ನಿಮ್ಮ ಹತ್ರ ಇತ್ತಲ್ಲ?" ಎಂದರು ಭಾವ.

"ಹೌದು ಸರ್, ಯಾವತ್ತಿನ ಹಾಗೆ. ಇನ್ನೊಂದು ನಿಮ್ಮ ಹತ್ರ," ಎಂದು ಕ್ಯಾಮಿಲಸ್ ನಕ್ಕರು. ನಗುವ ಹೊತ್ತು ಅದಲ್ಲ ಅನಿಸಿತು ನನಗೆ.

ನವೆಂಬರ್ ೪, ಮಂಗಳವಾರ

ನನಗೆ ಆ ಕೆಂಪು ಸಾಲಿನ ಅರ್ಥ ಗೊತ್ತಿತ್ತು. ಇಡೀ ಆಫೀಸಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತೋ ಏನೋ. ಮುಂದಿನ ವರ್ಷ ಇಶಿಗಾಮಿ ಕಂಪೆನಿಗೆ ನೂರು ತುಂಬುತ್ತದೆ. ಅದರ ಚರಿತ್ರೆಯನ್ನು ಸಣ್ಣ ಪುಸ್ತಕವಾಗಿ ಬರೆಯುವುದು ನನ್ನ ಕೆಲಸ. ಸಾಹಿತ್ಯದಲ್ಲಿ ಎಂ.ಎ. ಮಾಡಿ ಮನೆಯಲ್ಲಿ ಕೂತಿದ್ದವಳನ್ನು ಭಾವ ಇದೇ ಕಾರಣ ಹೇಳಿ ಕರೆಸಿಕೊಂಡರು, ಕಂಪೆನಿಯ ವೀಸಾ ಮಾಡಿಸಿದರು, ಅಲ್ ನಹ್ದಾದ ತಮ್ಮ ಫ್ಲ್ಯಾಟಿನಲ್ಲೇ ಜಾಗ ಕೊಟ್ಟರು.

ಹಿಂದೆ ಜಪಾನಿನ ಬೇರೊಂದು ಕಂಪೆನಿಯ ಯಂತ್ರಗಳು ಹೋಗಬಾರದ ದೇಶಕ್ಕೆ ಹೋಗಿ ದೊಡ್ಡ ರಗಳೆಯಾಯಿತಂತೆ. ಒಳ್ಳೆಯ ಲೇತು ಬುಗುರಿಯನ್ನೂ ಮಾಡುತ್ತದೆ, ಕ್ಷಿಪಣಿಯ ಭಾಗವನ್ನೂ ಮಾಡುತ್ತದೆ. ಆಮೇಲೆ ಕಾನೂನು ಬಿಗಿಯಾಯಿತು. ಈಗಿನ ಯಂತ್ರಗಳ ಒಳಗೆ ಒಂದು ಸಾಧನ ಕೂರಿಸುತ್ತಾರೆ. ಕೇಳದೆ ಯಂತ್ರವನ್ನು ಎತ್ತಿ ಸಾಗಿಸಿದರೆ ಅದಕ್ಕೆ ತಿಳಿಯುತ್ತದೆ. ಮತ್ತೆ ಸ್ವಿಚ್ ಹಾಕಿದಾಗ ಯಂತ್ರ ಬಾಯಿ ಮುಚ್ಚಿ ಕೂರುತ್ತದೆ. ಬೀಗ ತೆರೆಯುವ ಸಂಖ್ಯೆ ಜಪಾನಿನಲ್ಲಿ ಮಾತ್ರ.

ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಅಕ್ಟೋಬರಿನಲ್ಲೇ ಭಾವನಿಗೆ ಕೊಟ್ಟಿದ್ದೆ. ಮೊದಲ ಸಾಲು ಓದಿ ಪುಟದ ಮೇಲೆ ಅಡ್ಡ ಗೆರೆ ಎಳೆದರು. "ಬೋರ್ ಮಾರಾಯ್ತಿ. ಗಿರಾಕಿಗಳಿಗೆ ಕತೆ ಬೇಕು, ಕಾನೂನಲ್ಲ." ನಾನು ಆ ಪುಟ ತೆಗೆದು ಬದಿಗಿಟ್ಟೆ.

ಇವತ್ತು ಅವರ ಕೋಣೆಗೆ ಕರೆದರು. ಯಾರೋ ವಾರದ ರಜೆಯಲ್ಲಿ ಯಂತ್ರ ಹೊರಗೆ ತೆಗೆದುಕೊಂಡು ಹೋಗಿ ತಂದಿಟ್ಟಿದ್ದಾರೆ, ಜಪಾನಿನಿಂದ ಒಬ್ಬರು ವಿಚಾರಣೆಗೆ ಬರುತ್ತಾರೆ, ಯಾರೆಂದು ಗೊತ್ತಾಗದಿದ್ದರೆ ಏಜೆನ್ಸಿಯೇ ಹೋಗುತ್ತದೆ ಎಂದರು. "ಏಜೆನ್ಸಿ ಹೋದ್ರೆ ನಾವೆಲ್ಲ ಖಲಾಸ್. ನಿನ್ನ ಮೇಜು ಗಾಜಿನ ಪಕ್ಕ ಉಂಟು. ಕ್ಯಾಮಿಲಸ್ ಎಲ್ಲಿಗೆ ಹೋಗ್ತಾನೆ, ಯಾರ ಹತ್ರ ಮಾತಾಡ್ತಾನೆ, ಸ್ವಲ್ಪ ನೋಡಿಕೋ. ನಿನ್ನ ಕಣ್ಣು ಚುರುಕು ಅಂತ ನಿಮ್ಮಕ್ಕನೇ ಹೇಳುದು."

ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಇಲ್ಲಿಗೆ ಬಂದ ಮೇಲೆ ನನ್ನಿಂದ ಆಗುವ ಒಂದು ಕೆಲಸವನ್ನು ಯಾರಾದರೂ ಹೇಳಿದ್ದು ಇದೇ ಮೊದಲು.

ನವೆಂಬರ್ ೬, ಗುರುವಾರ

ಕ್ಯಾಮಿಲಸ್ ಫೋನ್ ಬಂದರೆ ಹೊರಗೆ ಹೋಗುತ್ತಾರೆ. ಊಟದ ಬಿಡುವಿನಲ್ಲಿ ಕಂಪೆನಿಯ ವ್ಯಾನಿನೊಳಗೆ ಕೂತು ಗಾಜು ಏರಿಸಿಕೊಂಡು ತಾವೇ ಮಾತಾಡುತ್ತಾರೆ. ಕೈಯಲ್ಲಿ ಫೋನಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ನನ್ನನ್ನು ಕಂಡರೆ ಬಾಯಿ ಮುಚ್ಚಿ ಕೈ ಬೀಸುತ್ತಾರೆ. "ಎಂತ ಟೀಚರ್, ಊಟ ಆಯ್ತಾ?" ನಾನು ಟೀಚರಲ್ಲ. ಸಾಹಿತ್ಯ ಓದಿದವರನ್ನೆಲ್ಲ ಅವರು ಹಾಗೆ ಕರೆಯುವುದಂತೆ.

ಭಾವನಿಗೆ ಎಲ್ಲ ಹೇಳಿದೆ. "ಕಂಡೆಯಾ?" ಎಂದರು.

ಜಪಾನಿನವರು ಕಳಿಸಿದ ಹಳೆಯ ಚರಿತ್ರೆ ಪುಸ್ತಕದಲ್ಲೂ ಒಂದು ಕಡೆ ಮನಸ್ಸು ಸಿಕ್ಕಿಕೊಂಡಿದೆ. ಇಶಿಗಾಮಿ ಎಂಬವನು ಒಂದು ಸಣ್ಣ ಪೇಟೆಯಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಅವನ ಇಂಗ್ಲಿಷ್ ಲೇತು ಮುರಿಯಿತು. ಬಿಡಿಭಾಗ ಬರಲು ಹಡಗು ಕಾಯಬೇಕು. ಕಾಯಲಾಗದೆ ಭಾಗವನ್ನು ತಾನೇ ಮಾಡಿದ, ಆಮೇಲೆ ಇಡೀ ಲೇತನ್ನೇ ಮಾಡಿದ. ಲೇತಿನ ತಳದ ಹಾಸನ್ನು ಇವತ್ತಿಗೂ ಕೈಯಲ್ಲೇ ಹೆರೆದು ಸಮ ಮಾಡುತ್ತಾರೆ. ಯಂತ್ರ ಎಲ್ಲಾದರೂ ಕೆಟ್ಟರೆ ಅವನು ಯಾರನ್ನೂ ಪ್ರಶ್ನೆ ಕೇಳುತ್ತಿರಲಿಲ್ಲವಂತೆ; ಮೊದಲು ಯಂತ್ರದ ಮುಂದೆ ಕೂತು ನೋಡುತ್ತಿದ್ದ. ಆ ಪದ್ಧತಿ ಕಂಪೆನಿಯಲ್ಲಿ ಈಗಲೂ ಇದೆಯಂತೆ. ಇಲ್ಲಿಯವರೆಗೆ ಪುಟಗಟ್ಟಲೆ ವಿವರ. ಆಮೇಲೆ ಯುದ್ಧದ ವರ್ಷಗಳಿಗೆ ಒಂದೇ ವಾಕ್ಯ: "ಕಂಪೆನಿಯು ದೇಶದೊಂದಿಗೆ ಕಷ್ಟದ ದಿನಗಳನ್ನು ದಾಟಿತು." ಮರುಸಾಲಿನಲ್ಲೇ ಗುಜರಿ ತಗಡಿನಿಂದ ಅನ್ನದ ಪಾತ್ರೆ, ಗುದ್ದಲಿ ಮಾಡುತ್ತಿದ್ದಾರೆ.

ಏನು ದಾಟಿತು, ಹೇಗೆ ದಾಟಿತು? ಇಷ್ಟು ಮಾತಾಡುವವರು ಒಮ್ಮೆಲೇ ಸುಮ್ಮನಾದರೆ ಅನುಮಾನ ಬಾರದೆ ಇರುತ್ತದೆಯೇ? ಜಪಾನಿಗೆ ಮೇಲ್ ಬರೆದು ಕೇಳಿದೆ. ವಿವರ ಲಭ್ಯವಿಲ್ಲ ಎಂದು ಉತ್ತರ ಬಂತು.

ನವೆಂಬರ್ ೯, ಭಾನುವಾರ

ಅಕ್ಕ ಕಾಲೊರಸನ್ನು ಬಾತ್‌ರೂಮಿನಲ್ಲಿ ಹಾಕಿ ಬ್ರಶ್ಶಿನಿಂದ ಉಜ್ಜುತ್ತಿದ್ದಳು. ನಾನು ಮಾಡುತ್ತೇನೆ ಎಂದರೂ ಬಿಡಲಿಲ್ಲ.

ಅಕ್ಕನ ಮಗಳು ತೃಷಾ ಬಾಗಿಲಲ್ಲಿ ಭಾವನ ಬೂಟು ಹಾಕಿಕೊಂಡು ಟಪಟಪ ನಡೆದಳು. "ಡ್ಯಾಡೀಸ್ ಶೂಸ್ ಸ್ಮೆಲ್ ಲೈಕ್ ಕಾಯಿನ್ಸ್!"

"ಬಿಚ್ಚು ಅದನ್ನು," ಎಂದು ಅಕ್ಕ ಗದರಿದಳು. ಅಷ್ಟು ಜೋರಾಗಿ ಗದರುವ ತಪ್ಪೇನಲ್ಲ ಅದು.

ನವೆಂಬರ್ ೧೨, ಬುಧವಾರ

ಕ್ಯಾಮಿಲಸ್‌ಗೆ ಎಚ್ಚರಿಕೆ ಕೊಟ್ಟಿದ್ದಾರೆ. ವಿಚಾರಣೆ ಮುಗಿಯುವವರೆಗೆ ಸರ್ವಿಸ್ ಕೆಲಸವಿಲ್ಲ, ಸುಮ್ಮನೆ ಬಂದು ಕೂರಬೇಕು. ತಪ್ಪು ಅವರದೆಂದು ತೀರ್ಮಾನವಾದರೆ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ. ಮಗಳು ಸ್ಟೇಸಿಯ ವೀಸಾ ಇವರ ಮೇಲೆಯೇ ಇದೆ. ಅವಳು ಇಲ್ಲಿ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಇದನ್ನು ಅವರೇ ಹೇಳಿದರು, ನೀರಿನ ಯಂತ್ರದ ಬಳಿ, ತಮಾಷೆಯ ದನಿಯಲ್ಲೇ. "ಈ ಕ್ಯಾಮಿಲಸ್‌ಗೆ ಒಂದು ಫ್ರಿಜ್ ಸರಿಸ್ಲಿಕ್ಕೆ ಹೆಂಡತಿಯ ಸಹಾಯ ಬೇಕು ಟೀಚರ್. ಲೇತ್ ಎತ್ತಿಕೊಂಡು ಎಲ್ಲಿಗೆ ಹೋಗುದು?"

ನಗಬೇಕೋ ಬೇಡವೋ ತಿಳಿಯಲಿಲ್ಲ. ಕಳ್ಳರೂ ತಮಾಷೆ ಮಾಡಬಹುದಲ್ಲ.

ಕಾರಿನಲ್ಲಿ ಭಾವ ಕೇಳಿದರು: "ಮೂವತ್ತೊಂದಕ್ಕೆ, ಶುಕ್ರವಾರ ಸಂಜೆ, ಕ್ಯಾಮಿಲಸ್ ಶೋರೂಮಿನ ಕೀ ತೆಗೆದುಕೊಂಡು ಹೋದದ್ದು ನೀನು ನೋಡಿದ್ದಿಯಲ್ಲ?"

"ನೋಡಿದ್ದೇನೆ. ಯಂತ್ರ ಒರೆಸಿ, ಹೆರೆದ ಚೂರು ಬೀಳುವ ಕೆಳಗಿನ ಟ್ರೇ ತೊಳೆದಿಟ್ಟು, ಬೀಗ ಹಾಕಿ ಹೋದರು."

"ಟ್ರೇ ಗೀ ಎಲ್ಲ ಬೇಡ. ಕೀ ತೆಗೊಂಡದ್ದು ನೋಡಿದೆ ಅಂತ ಹೇಳಿದ್ರೆ ಸಾಕು. ಸುಳ್ಳೇನಲ್ಲವಲ್ಲ ಅದು?"

ಸುಳ್ಳಲ್ಲ. ಆದರೂ ಮನೆ ಬರುವವರೆಗೆ ಅದೇ ವಾಕ್ಯ ತಲೆಯಲ್ಲಿ ತಿರುಗಿತು. ಕಂಪೆನಿಯು ದೇಶದೊಂದಿಗೆ ಕಷ್ಟದ ದಿನಗಳನ್ನು ದಾಟಿತು. ಅದೂ ಸುಳ್ಳಲ್ಲ.

ನವೆಂಬರ್ ೧೪, ಶುಕ್ರವಾರ

ಇವತ್ತು ನಾನೇ ವ್ಯಾನಿನ ಹತ್ತಿರ ಹೋದೆ. ಹಿಂದಿನಿಂದ, ಅವರಿಗೆ ಕಾಣದಂತೆ. ಗಾಜು ಸ್ವಲ್ಪ ಇಳಿದಿತ್ತು.

"ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ," ಎನ್ನುತ್ತಿದ್ದರು ಕ್ಯಾಮಿಲಸ್. ಕೆಮ್ಮಿ, ಮತ್ತೆ ಮೊದಲಿಂದ: "ಆಶೀನರಾಗಿ... ಆಸೀನ..."

ನನ್ನ ನೆರಳು ಕಂಡು ಬೆಚ್ಚಿದರು. ಮುಖ ಕೆಂಪಾಯಿತು. ಅಬುಧಾಬಿಯ ಕನ್ನಡ ಸಂಘದವರು ಈ ವರ್ಷ ನಿರೂಪಣೆ ಇವರಿಗೆ ಒಪ್ಪಿಸಿದ್ದಾರಂತೆ. "ಫೋನ್ ಬರುದು ಸಂಘದವರದ್ದು, ಪ್ರತಿ ದಿನ ಒಂದೊಂದು ಹೆಸರು ಸೇರಿಸ್ತಾರೆ. ನನ್ನದು ಇಗರ್ಜಿ ಕನ್ನಡ, ಚರ್ಚಲ್ಲಿ ಕಲಿತದ್ದು, ಟೀಚರ್. ಅಲ್ಲಿ ಬಂಟರು ಭಟ್ಟರು ಎಲ್ಲ ಕೂತಿರ್ತಾರೆ, ಒಂದು ಅಕ್ಷರ ತಪ್ಪಿದ್ರೆ ಮುಂದಿನ ವರ್ಷದ ತನಕ ಹೇಳ್ತಾರೆ. ಆಫೀಸಲ್ಲಿ ಯಾರಿಗೂ ಹೇಳ್ಬೇಡಿ ಆಯ್ತಾ?"

"ಯಾವ ಕಾರ್ಯಕ್ರಮ?"

"ರಾಜ್ಯೋತ್ಸವ. ಇಪ್ಪತ್ತೆರಡಕ್ಕೆ."

"ರಾಜ್ಯೋತ್ಸವ ಒಂದನೇ ತಾರೀಕಲ್ಲವಾ?"

"ಅದು ಊರಲ್ಲಿ," ಎಂದು ನಕ್ಕರು. "ಇಲ್ಲಿ ಹಾಲ್ ಸಿಕ್ಕಿದ ದಿನ ರಾಜ್ಯೋತ್ಸವ. ಒಂದು ಸಲ ಡಿಸೆಂಬರಲ್ಲಿ ಆಗಿತ್ತು. ನೀವು ಹೊಸಬರು, ಅದಕ್ಕೆ."

ಒಂದನೇ ತಾರೀಕು ಅವರೆಲ್ಲ ಅಬುಧಾಬಿಯಲ್ಲಿ ಮಾರ್ಟಿನಾ ಅವರ ಫ್ಲ್ಯಾಟಿನಲ್ಲಿ ನಾಡಗೀತೆ ಅಭ್ಯಾಸ ಮಾಡುತ್ತಿದ್ದರಂತೆ. ಹದಿನೈದು ಜನ. ಬಿರಿಯಾನಿ ಸಾಲಲಿಲ್ಲವಂತೆ.

ನಾನು ಬಾಗಿಲು ತೆರೆದು ಪಕ್ಕದ ಸೀಟಿನಲ್ಲಿ ಕೂತೆ. ಆಮೇಲೆ, ಏನಾದರೂ ಹೇಳಬೇಕಲ್ಲ ಎಂದು, "ಆಸೀನ. ನಾಲಿಗೆ ಹಲ್ಲಿಗೆ ತಾಗಬೇಕು," ಎಂದೆ. ಬಿಡುವು ಮುಗಿಯುವವರೆಗೆ ವ್ಯಾನಿನಲ್ಲಿ ಕೂತು ಪಾಠ ಹೇಳಿಕೊಟ್ಟೆ.

ನವೆಂಬರ್ ೧೫, ಶನಿವಾರ

ಅಕ್ಕ ಬಂಗುಡೆ ತೊಳೆಯುತ್ತಿದ್ದಳು. ಭಾವ ತೃಷಾಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗಿದ್ದರು.

"ಅಕ್ಕ, ಒಂದನೇ ತಾರೀಕು ಭಾವ ಎಲ್ಲಿಗೆ ಹೋಗಿದ್ದರು?"

"ರಾಜ್ಯೋತ್ಸವಕ್ಕಲ್ವಾ."

"ನೀನಿಲ್ಲಿ ಒಂಬತ್ತು ವರ್ಷದಿಂದ ಇದ್ದಿ. ಇಲ್ಲಿ ರಾಜ್ಯೋತ್ಸವ ಯಾವತ್ತು ಆಗುದು ಅಂತ ನಿನಗೆ ಗೊತ್ತಿಲ್ಲವಾ?"

ನಲ್ಲಿ ನಿಲ್ಲಿಸಿದಳು. ಮೀನಿನ ಪಾತ್ರೆ ಪಕ್ಕಕ್ಕೆ ಸರಿಸಿದಳು. "ನಿನಗೆ ಎಂತಕ್ಕೆ ಅದೆಲ್ಲ? ಪುಸ್ತಕ ಬರಿ ನೀನು." ಮತ್ತೆ ನಲ್ಲಿ ಬಿಟ್ಟಳು.

ನಾನು ಅವಳಿಗೆ ಹಿಂದೆ ಯಾವತ್ತೂ ಹೀಗೆ ಎದುರು ಪ್ರಶ್ನೆ ಹಾಕಿದ್ದು ನೆನಪಿಲ್ಲ. ಸೆಕೆ ಇರಬೇಕು, ಎಸಿ ಸರಿ ನಡೆಯುತ್ತಿಲ್ಲ.

ಪೆನ್ಸಿಲ್ ಡಬ್ಬಿ ತೆರೆದು ನೋಡಿದೆ. ಸುರುಳಿ ಹಾಗೇ ಇದೆ. ಆ ಭಾನುವಾರ ಕ್ಯಾಮಿಲಸ್ ಅಂಕಲ್ ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತಿದ್ದರು. ಉಪ್ಪಿನಕಾಯಿ ತೆಗೆದುಕೊಳ್ಳಲು ಅಕ್ಕನೇ ಅಲ್ಲಿಯವರೆಗೆ ಹೋದಳು. ಕಾಲೊರಸಿನ ಹತ್ತಿರಕ್ಕೂ ಅವರು ಬರಲಿಲ್ಲ.

ನವೆಂಬರ್ ೧೯, ಬುಧವಾರ

ಜಪಾನಿನಿಂದ ಬಂದವರು ಹೆಂಗಸು. ತಾಚಿಕಾವಾ ಎಂದು ಹೆಸರು, ಐವತ್ತರ ಮೇಲಿರಬಹುದು. ಭಾವ ಖರ್ಜೂರದ ಡಬ್ಬಿ, ಅರಬೀ ಕಾಫಿ, ದೊಡ್ಡ ಫೈಲು ಎಲ್ಲ ಇಟ್ಟುಕೊಂಡು ಕಾದಿದ್ದರು. ಆಕೆ ಬಗ್ಗಿ ನಮಸ್ಕರಿಸಿದರು, ಬೂದು ಕೋಟು ಹಾಕಿಕೊಂಡರು, ಒಂದು ಸ್ಟೂಲು ಕೇಳಿ ತಂದು ಲೇತಿನ ಮುಂದೆ ಕೂತರು. ಯಾರನ್ನೂ ಏನೂ ಕೇಳಲಿಲ್ಲ.

ಚರಿತ್ರೆಯಲ್ಲಿ ಓದಿದ್ದೆನಲ್ಲ ಎಂದು ನನಗೆ ಮೈ ಜುಮ್ಮೆಂದಿತು. ಭಾವ ಮಾತ್ರ ನಿಂತಲ್ಲಿ ನಿಲ್ಲದಾದರು. "ಮೇಡಂ, ಇಲ್ಲಿ ರಿಪೋರ್ಟ್ ಉಂಟು," ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಆಕೆ ಎರಡು ಸಲವೂ ಧನ್ಯವಾದ ಹೇಳಿ ಯಂತ್ರವನ್ನೇ ನೋಡುತ್ತ ಕೂತರು. ಆಮೇಲೆ ಮಟ್ಟಗೋಲು ಇಟ್ಟು ನೋಡಿದರು. ಕೆಳಗಿನ ಟ್ರೇ ಎಳೆದು, ಮೂಲೆಗೆ ಟಾರ್ಚು ಬಿಟ್ಟು, ಚಿಮ್ಮಟದಿಂದ ಏನನ್ನೋ ಎತ್ತಿ ಬಿಳಿ ಕಾಗದದ ಮೇಲೆ ಇಟ್ಟರು.

ನಾಲ್ಕೈದು ಸುರುಳಿಗಳು. ನೀಲಿ.

"ಇಲ್ಲಿ ಏನು ಕತ್ತರಿಸುತ್ತೀರಿ?" ಎಂಬುದು ಅವರ ಮೊದಲ ಪ್ರಶ್ನೆ.

"ಅಲ್ಯುಮಿನಿಯಂ ಮಾತ್ರ," ಎಂದರು ಕ್ಯಾಮಿಲಸ್ ಅಂಕಲ್.

"ಅಲ್ಯುಮಿನಿಯಂ ಬೆಳ್ಳಗೇ ಇರುತ್ತದೆ. ಇದು ಉಕ್ಕು. ಉಕ್ಕು ಬಿಸಿಯಾದಾಗ ಹೀಗಾಗುತ್ತದೆ." ಯಾರ ಮುಖವನ್ನೂ ನೋಡದೆ ಹೇಳಿದರು. "ಯಂತ್ರ ಬೇರೆಲ್ಲೋ ಹೋಗಿ ಉಕ್ಕು ಕತ್ತರಿಸಿದೆ. ಯಂತ್ರಕ್ಕೆ ತಿಳಿದದ್ದು ಇಷ್ಟು. ಯಾರು ಕರೆದುಕೊಂಡು ಹೋದರು ಎಂದು ಅದು ಹೇಳುವುದಿಲ್ಲ. ನಾಳೆ ನಿಮ್ಮನ್ನು ಒಬ್ಬೊಬ್ಬರಾಗಿ ಕೇಳುತ್ತೇನೆ."

ನನ್ನ ಕೈ ತಾನಾಗಿ ಚೀಲದ ಮೇಲೆ ಹೋಯಿತು. ಡಬ್ಬಿ ಒಳಗಿತ್ತು. ತೆಗೆಯಲಿಲ್ಲ. ಭಾವ ನನ್ನ ಎದುರೇ ನಿಂತಿದ್ದರು.

ಮಧ್ಯಾಹ್ನ ತಾಚಿಕಾವಾ, ಚರಿತ್ರೆ ಬರೆಯುವವಳು ಎಂದು, ನನ್ನನ್ನು ಊಟಕ್ಕೆ ಜೊತೆಗೆ ಕೂರಿಸಿಕೊಂಡರು. ಯುದ್ಧದ ವರ್ಷಗಳ ಬಗ್ಗೆ ಮೇಲ್ ಬರೆದದ್ದು ನೀನಾ ಎಂದು ಕೇಳಿದರು. ಹೌದೆಂದೆ. ಮೊಸರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಇಂಗ್ಲಿಷ್ ಶಬ್ದ ಹುಡುಕಿ ಹುಡುಕಿ ಹೇಳಿದರು. ಅವರ ಅಜ್ಜಿ ಆಗ ಶಾಲೆಯ ಹುಡುಗಿ. ತರಗತಿಗೆ ತರಗತಿಯನ್ನೇ ಇಶಿಗಾಮಿ ಕಾರ್ಖಾನೆಗೆ ಕಳಿಸಿದ್ದರು. ಫಿರಂಗಿ ಗುಂಡಿನ ಹೊರಕವಚವನ್ನು ಲೇತಿನಲ್ಲಿ ತಿರುಗಿಸಿ ಹೆರೆಯುವ ಕೆಲಸ. ಅಜ್ಜಿಯ ಬೆರಳ ತುದಿಯಲ್ಲಿ ಕೊನೆಯವರೆಗೂ ಒಂದು ಕಲೆ ಇತ್ತಂತೆ.

"ಪುಸ್ತಕದಲ್ಲಿ ಯಾಕೆ ಇಲ್ಲ?"

"ಬರೆದವರಿಗೆ ಗೊತ್ತಿತ್ತು. ಬರೆಯಿಸಿದವರಿಗೂ ಗೊತ್ತಿತ್ತು. ಓದುವವರಿಗೆ ನೋವಾಗಬಾರದು ಎಂದು ಇಬ್ಬರೂ ಅಂದುಕೊಂಡರು," ಎಂದರು. ಆಮೇಲೆ, "ನೀನು ಬರೆದರೆ ನಾನು ತಡೆಯುವುದಿಲ್ಲ," ಎಂದು ಹೇಳಿ ಮೊಸರು ತಿಂದರು.

ಸಂಜೆ ಕಾರಿನಲ್ಲಿ ಭಾವ ಟ್ರಾಫಿಕ್ ನಿಂತಲ್ಲಿ ಮಾತು ಶುರು ಮಾಡಿದರು.

"ನಾಳೆ ನಿನ್ನನ್ನು ಕೇಳ್ತಾಳೆ. ಕೀ ವಿಷಯ ಹೇಳು, ಸಾಕು."

"ಭಾವ, ಒಂದನೇ ತಾರೀಕು ರಾಜ್ಯೋತ್ಸವ ಯಾವ ಹಾಲಿನಲ್ಲಿತ್ತು?"

ಕೇಳಿದ ಮೇಲೆಯೇ ಕೇಳಿದ್ದು ನಾನು ಎಂದು ತಿಳಿದದ್ದು. ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿತ್ತು.

"ಒಬ್ಬ ಗಿರಾಕಿ, ಲೇತನ್ನು ತನ್ನ ಶೆಡ್ಡಲ್ಲಿ ಒಂದು ದಿನ ಓಡಿಸಿ ನೋಡ್ಬೇಕು ಅಂದ," ಎಂದರು ಕೊನೆಗೆ. "ಜಪಾನಿಗೆ ಬರೆದ್ರೆ ಪರ್ಮಿಶನ್ ಬರ್ಲಿಕ್ಕೆ ಎರಡು ತಿಂಗಳು. ಹಳೇ ಮಾಡೆಲಲ್ಲಿ ಈ ಬೀಗ ಗೀಗ ಇರ್ಲಿಲ್ಲ. ಇದರಲ್ಲಿ ಉಂಟು ಅಂತ ನನಗೆ ಯಾರು ಹೇಳಿದ್ದು?"

ನಾನು ಹೇಳಿದ್ದೆ. ಬರೆದೇ ಕೊಟ್ಟಿದ್ದೆ. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅವರಿಗೂ ಆ ಗಳಿಗೆಯಲ್ಲೇ ನೆನಪಾಯಿತೆಂದು ತೋರುತ್ತದೆ.

"ನೋಡು ಯಶೂ. ಒಬ್ಬ ಹೋದ್ರೆ ಉಳಿದವರು ಉಳೀತಾರೆ. ಕ್ಯಾಮಿಲಸ್‌ನ ಹೆಂಡತಿ ಆಸ್ಪತ್ರೆಯಲ್ಲಿ ದುಡೀತಾಳೆ, ಅವರು ಹೇಗೂ ನಡೆಸಿಕೊಳ್ತಾರೆ. ನಮ್ಮಲ್ಲಿ ದುಡಿಯುದು ನಾನೊಬ್ಬ. ತೃಷಾ, ನಿಮ್ಮಕ್ಕ, ನೀನು... ನಿನ್ನ ವೀಸಾ ಎಲ್ಲಿಂದ ಬಂತು ಅಂತ ನಾನು ಹೇಳ್ಬೇಕಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡುವ ಹಾಗಿತ್ತು. ಸಿಟ್ಟೇ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಊಟಕ್ಕೆ ಮೊದಲು ಚರಿತ್ರೆಯ ಕಡತ ತೆರೆದು, ಅಡ್ಡ ಗೆರೆ ಎಳೆದ ಪುಟವನ್ನು ಅದರ ಜಾಗದಲ್ಲಿ ಮತ್ತೆ ಸೇರಿಸಿದೆ. ಕಷ್ಟದ ದಿನಗಳು ಎಂಬ ವಾಕ್ಯ ತೆಗೆದು ಶಾಲೆಯ ಹುಡುಗಿಯರನ್ನು ಬರೆದೆ. ಕಷ್ಟವಾಗಲಿಲ್ಲ. ವಾಕ್ಯಗಳು ತಾವೇ ಬಂದವು.

ನವೆಂಬರ್ ೨೦, ಗುರುವಾರ, ಬೆಳಿಗ್ಗೆ

ಅಕ್ಕ ದೋಸೆ ಹಿಟ್ಟು ಕಲಸುತ್ತಿದ್ದಾಳೆ. ಭಾವ ಇನ್ನೂ ಎದ್ದಿಲ್ಲ. ಅವರ ಕಾರು ಎಂಟಕ್ಕೆ ಹೊರಡುತ್ತದೆ. ಬಂದ ದಿನದಿಂದ ಅದರಲ್ಲೇ ಹೋಗಿಬಂದಿದ್ದೇನೆ. ಇಲ್ಲಿಯ ಬಸ್ಸನ್ನು ಒಂದು ದಿನವೂ ಹತ್ತಿಲ್ಲ. ಯಾರನ್ನು ಏನು ಕೇಳಬೇಕು, ಎಲ್ಲಿ ಇಳಿಯಬೇಕು ಎಂಬ ಹೆದರಿಕೆ.

"ಅಕ್ಕ, ನಿನ್ನ ಬಸ್ಸಿನ ಕಾರ್ಡ್ ಕೊಡ್ತಿಯಾ?"

"ಎಲ್ಲಿಗೆ?"

"ಆಫೀಸಿಗೆ."

ಅಕ್ಕ ನನ್ನನ್ನು ನೋಡಿದಳು. ಮಲಗುವ ಕೋಣೆಯ ಮುಚ್ಚಿದ ಬಾಗಿಲನ್ನೂ ನೋಡಿದಳು. ಕೈ ತೊಳೆದು, ಸೆರಗಿಗೆ ಒರೆಸಿ, ಪರ್ಸಿನಿಂದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. "ಬ್ಯಾಲೆನ್ಸ್ ಉಂಟೋ ಇಲ್ಲವೋ ಗೊತ್ತಿಲ್ಲ. ದೇರಾದಲ್ಲಿ ಬದಲಿಸ್ಲಿಕ್ಕೆ ಉಂಟು, ಡ್ರೈವರ್ ಹತ್ರ ಕೇಳು," ಎಂದಳು. ಮತ್ತೆ ಹಿಟ್ಟಿನ ಕಡೆ ತಿರುಗಿದಳು. ಬೆನ್ನು ನನ್ನ ಕಡೆ ಇದ್ದುದರಿಂದ ಮುಖ ಕಾಣಲಿಲ್ಲ.

ಶೋರೂಮು ತೆರೆಯುವ ಮೊದಲೇ ತಾಚಿಕಾವಾ ಅಲ್ಲಿರುತ್ತಾರೆ ಎಂದು ನಿನ್ನೆ ಕೇಳಿಸಿಕೊಂಡಿದ್ದೇನೆ. ಅವರ ಬಿಳಿ ಕಾಗದದ ಮೇಲೆ ಇನ್ನೊಂದು ಸುರುಳಿಗೆ ಜಾಗವಿದೆ. ಯಾವ ಮನೆಯ ಕಾಲೊರಸಿನಲ್ಲಿ ಸಿಕ್ಕಿತು ಎಂದು ಕೇಳಿದರೆ ವಿಳಾಸ ಹೇಳುತ್ತೇನೆ. ನನ್ನದೂ ಅದೇ ವಿಳಾಸ.

ಪೆನ್ಸಿಲ್ ಡಬ್ಬಿ ಚೀಲದಲ್ಲಿ ಹಾಕಿಕೊಂಡೆ. ಏಳು ಗಂಟೆಯ ಬಸ್ಸಿಗೆ ಹೋಗುತ್ತೇನೆ.